ನಾನಾ ಫಡಣವೀಸನೂ ಸಸೂನಿನ ಡಾಕ್ಟರೂ

ಪುಣೆಯ ಭರತ ನಾಟ್ಯ ಮಂದಿರದಲ್ಲಿ 1972ರ ಡಿಸೆಂಬರ್ 16ರಂದು ವಿಜಯ ತೆಂಡೂಲ್ಕರರ ‘ಘಾಶೀರಾಮ್ ಕೋತ್ವಾಲ್’ ಮೊದಲ ಬಾರಿ ರಂಗವೇರಿತು. ಪೇಶ್ವೆಗಳ ಪ್ರಬಲ ಮಂತ್ರಿ ನಾನಾ ಫಡಣವೀಸನಾಗಿ ಬಂದ ನಟನಿಗೆ ಆಗ ಇಪ್ಪತ್ತೈದು ವರ್ಷ. ಅಧಿಕಾರವೂ ಕಾಮವೂ ಒಂದೇ ಮೈಯಲ್ಲಿ ಕುಣಿಯುವ ಪಾತ್ರ ಅದು. ಘಾಶೀರಾಮನ ಮಗಳ ಮೇಲೆ ಕಣ್ಣು ಹಾಕಿ, ಅದಕ್ಕೆ ಬದಲಾಗಿ ಅವನಿಗೆ ಊರಿನ ಕೋತ್ವಾಲಿಕೆ ಕೊಟ್ಟು, ಕೊನೆಗೆ ಊರೇ ತಿರುಗಿಬಿದ್ದಾಗ ಅವನ ಸಾವಿಗೂ ತಾನೇ ಸಹಿ ಹಾಕುವ ಮುದುಕ. ಆ ಮುದುಕನಾಗಿ ಕುಣಿದ ಯುವಕ ಮೋಹನ್ ಆಗಾಶೆ, ಮನೋವೈದ್ಯನಾಗುವ ಹಾದಿಯಲ್ಲಿದ್ದರು.

ಆ ಎರಡು ಬದುಕುಗಳಲ್ಲಿ ಯಾವುದನ್ನೂ ಅವರು ಬಿಡಲಿಲ್ಲ. ಆಗಾಶೆಯವರ ಬಗ್ಗೆ ಬರೆಯುವಾಗ ನನಗೆ ಮುಖ್ಯವಾಗಿ ಕಾಣುವುದು ಇದೇ. ಡಾಕ್ಟರಿಕೆ ಓದಿ ನಟರಾದವರು ಮರಾಠಿಯಲ್ಲಿ ಬೇರೆಯವರೂ ಇದ್ದಾರೆ. ಶ್ರೀರಾಮ ಲಾಗೂ ಕಿವಿ-ಮೂಗು-ಗಂಟಲಿನ ಶಸ್ತ್ರವೈದ್ಯರಾಗಿದ್ದವರು. ವೃತ್ತಿಗೆ ವಿದಾಯ ಹೇಳಿ ರಂಗಭೂಮಿಗೆ ಬಂದು ‘ನಟಸಮ್ರಾಟ್’ ಆದರು. ಆಗಾಶೆ ಹಾಗೆ ಮಾಡಲಿಲ್ಲ. ಹಗಲು ಬಿ.ಜೆ. ಮೆಡಿಕಲ್ ಕಾಲೇಜು, ಅದಕ್ಕೆ ಸೇರಿದ ಸಸೂನ್ ಆಸ್ಪತ್ರೆ, ಸಂಜೆ ತಾಲೀಮು. ಭೋರ್‌ನಲ್ಲಿ 1947ರಲ್ಲಿ ಹುಟ್ಟಿದ ಈ ಮನುಷ್ಯ ಎಂಬತ್ತರ ಹೊಸ್ತಿಲಿಗೆ ಬಂದಾಗಲೂ ಎರಡರ ನಂಟನ್ನು ಕಡಿದುಕೊಂಡಿಲ್ಲ.

ಇದು ಸಾಧ್ಯವಾದದ್ದರಲ್ಲಿ ಪುಣೆಯ ಪಾಲೂ ಇದೆ. ‘ಘಾಶೀರಾಮ್’ ನಿರ್ದೇಶಿಸಿದ ಜಬ್ಬಾರ್ ಪಟೇಲ್ ಮಕ್ಕಳ ವೈದ್ಯರು. ಅವರ ಜೊತೆಗಿದ್ದ ನಾಟಕಕಾರ ಸತೀಶ್ ಆಳೇಕರ್ ಬಿ.ಜೆ. ಮೆಡಿಕಲ್ ಕಾಲೇಜಿನಲ್ಲೇ ಜೀವರಸಾಯನ ವಿಜ್ಞಾನದ ಕೆಲಸದಲ್ಲಿದ್ದವರು. ಸಂಬಳದ ಕೆಲಸ ಮುಗಿಸಿ ಬಂದು ನಾಟಕ ಕಟ್ಟುವ ಹವ್ಯಾಸಿಗಳ ಊರು ಅದು. ಎಪ್ಪತ್ತರ ದಶಕದ ಬೆಂಗಳೂರಿನಲ್ಲಿ ಬ್ಯಾಂಕು, ಕಚೇರಿ ಮುಗಿಸಿ ರವೀಂದ್ರ ಕಲಾಕ್ಷೇತ್ರದತ್ತ ಓಡುತ್ತಿದ್ದವರನ್ನು ಬಲ್ಲವರಿಗೆ ಈ ಹುಮ್ಮಸ್ಸು ಹೊಸದಲ್ಲ. ಹೊಟ್ಟೆಪಾಡು ನಾಟಕದ ಮೇಲೆ ನಿಂತಿಲ್ಲದಿದ್ದಾಗ ಅಪಾಯದ ನಾಟಕ ಆಡುವ ಧೈರ್ಯ ಬರುತ್ತದೆ.

ಆ ಧೈರ್ಯ ಬೇಕೇ ಆಯಿತು. ಪೇಶ್ವೆಗಳ ಊರಿನಲ್ಲೇ ನಾನಾನನ್ನು ಹೀಗೆ ತೋರಿಸಿದ್ದನ್ನು ಅನೇಕರು ಸಹಿಸಲಿಲ್ಲ. ನಾಟಕ ಆಡಿಸಿದ ಪ್ರೋಗ್ರೆಸಿವ್ ಡ್ರಾಮಾಟಿಕ್ ಅಸೋಸಿಯೇಷನ್ 19 ಪ್ರದರ್ಶನಗಳ ನಂತರ ಅದನ್ನು ನಿಲ್ಲಿಸಿತು. ತರುಣರು ಹೊರಬಂದು 1973ರಲ್ಲಿ ಥಿಯೇಟರ್ ಅಕಾಡೆಮಿ ಕಟ್ಟಿಕೊಂಡರು. ನಾಟಕ ಮತ್ತೆ ಎದ್ದಿತು. ಸಾಲಾಗಿ ನಿಂತು ಹಾಡುವ ಬ್ರಾಹ್ಮಣರೇ ಪರದೆಯಾಗುವ, ಗೋಡೆಯಾಗುವ ಆ ರಂಗವಿನ್ಯಾಸಕ್ಕೆ ಸಂಗೀತ ಕೊಟ್ಟವರು ಭಾಸ್ಕರ ಚಂದಾವರ್ಕರ್. ಕಾರ್ನಾಡ–ಕಾರಂತರ ‘ವಂಶವೃಕ್ಷ’ಕ್ಕೆ ಸಂಗೀತ ಮಾಡಿದವರೂ ಅವರೇ. 1980ರಲ್ಲಿ ನಾಟಕ ಯುರೋಪಿಗೆ ಹೊರಟಾಗ ಮತ್ತೆ ಗಲಾಟೆ ಎದ್ದರೂ ತಂಡ ಹೋಗಿಯೇ ಬಂತು. ಸುಮಾರು ಎರಡು ದಶಕ ಆಗಾಶೆ ಅದೇ ನಾನಾ. ಯೌವನದಲ್ಲಿ ಮುದುಕನಾಗಿ ಶುರು ಮಾಡಿ, ತಾವೇ ನಡುವಯಸ್ಸಿಗೆ ಬರುವವರೆಗೆ ಒಂದೇ ಪಾತ್ರವನ್ನು ಬೆಳೆಸುವ ಅವಕಾಶ ಎಷ್ಟು ನಟರಿಗೆ ಸಿಕ್ಕೀತು?

ಸಿನಿಮಾ ಅವರನ್ನು ಬೇಗ ಗುರುತಿಸಿತು. ಶ್ಯಾಮ್ ಬೆನಗಲ್‌ರ ‘ನಿಶಾಂತ್’ (1975) ನೋಡಿದ ಕನ್ನಡಿಗರು ಅಲ್ಲಿ ನಮ್ಮ ಅನಂತನಾಗ್ ಅವರನ್ನು ನೆನಪಿಟ್ಟುಕೊಂಡಿರುತ್ತಾರೆ. ಚಿತ್ರದ ಜಮೀನ್ದಾರಿ ಮನೆಯ ದುಷ್ಟ ಸೋದರರಲ್ಲಿ ಇನ್ನೊಬ್ಬರು ಆಗಾಶೆ. ಮರುವರ್ಷದ ‘ಮಂಥನ್’ನಲ್ಲಿ, ಗುಜರಾತಿನ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಹಾಕಿ ಮಾಡಿಸಿದ ಆ ಚಿತ್ರದಲ್ಲಿ, ಗಿರೀಶ ಕಾರ್ನಾಡರ ಡಾ. ರಾವ್‌ಗೆ ಜೊತೆಗಾರರಾಗಿ ಹಳ್ಳಿಗೆ ಬಂದರು. 1977ರ ‘ಜೈತ್ ರೇ ಜೈತ್’ನಲ್ಲಿ ಸ್ಮಿತಾ ಪಾಟೀಲ್ ಎದುರು ನಾಯಕ. ಠಾಕರ್ ಆದಿವಾಸಿಗಳ ಹಾಡು, ಬೆಟ್ಟದ ಬಂಡೆಯಲ್ಲಿ ಕಟ್ಟಿದ ಜೇನು, ಅದನ್ನು ಗೆಲ್ಲಲೇಬೇಕೆಂಬ ನಾಗ್ಯಾನ ಹಟ. ಪಗಡಿಯ ನಾನಾನಿಗೂ ಲಂಗೋಟಿಯ ನಾಗ್ಯಾನಿಗೂ ಒಂದೇ ಮೈ ಎಂದು ನಂಬುವುದೇ ಕಷ್ಟ.

ಆದರೆ ಅವರ ಅಭಿನಯದ ತಿರುಳು ನನಗೆ ಸಿಗುವುದು ‘ಸದ್ಗತಿ’ಯಲ್ಲಿ. ಪ್ರೇಮಚಂದರ ಕಥೆಯನ್ನು ಸತ್ಯಜಿತ್ ರಾಯ್ 1981ರಲ್ಲಿ ದೂರದರ್ಶನಕ್ಕಾಗಿ ಚಿತ್ರಿಸಿದರು. ಮಗಳ ನಿಶ್ಚಿತಾರ್ಥಕ್ಕೆ ಮುಹೂರ್ತ ಕೇಳಲು ಬಂದ ದುಖಿಯಿಂದ (ಓಂ ಪುರಿ) ಪುರೋಹಿತ ಬಿಟ್ಟಿ ಚಾಕರಿ ಮಾಡಿಸುತ್ತಾನೆ. ಜ್ವರದಿಂದ ಎದ್ದ, ಹೊಟ್ಟೆಗಿಲ್ಲದ ಆಳು ಸೀಳದ ಕೊರಡಿನ ಪಕ್ಕದಲ್ಲೇ ಸಾಯುತ್ತಾನೆ. ಈ ಪುರೋಹಿತನ ಹೆಸರೂ ಘಾಸೀರಾಮ್. ಆಗಾಶೆ ಅವನನ್ನು ರಾಕ್ಷಸನಾಗಿಸುವುದಿಲ್ಲ. ಅವನು ಗದರುತ್ತಾನೆ, ಉಣ್ಣುತ್ತಾನೆ, ಮಲಗುತ್ತಾನೆ, ತನ್ನ ದಿನಚರಿಯನ್ನು ಒಂದಿಷ್ಟೂ ಬದಲಿಸದೆ ಬದುಕುತ್ತಾನೆ. ಹೆಣವನ್ನು ಮುಟ್ಟದೆ ಹಗ್ಗದಿಂದ ಎಳೆಯುವಾಗ ಅವನ ಮುಖದಲ್ಲಿರುವುದು ಕ್ರೌರ್ಯವಲ್ಲ, ಕಿರಿಕಿರಿ. ನೋಡುವವರಿಗೆ ಅದನ್ನು ತಾಳಿಕೊಳ್ಳುವುದು ಹೆಚ್ಚು ಕಷ್ಟ. ತಪ್ಪು ಮಾಡುವವನಿಗೆ ತನ್ನ ತಪ್ಪು ಎಷ್ಟು ಸಹಜವಾಗಿ ಕಾಣುತ್ತದೆ ಎಂಬುದನ್ನು ರೋಗಿಗಳ ಎದುರು ಕೂತು ಕೇಳಿದವರಿಗಷ್ಟೇ ಹೀಗೆ ಗೊತ್ತಿರಬಹುದು. ವೈದ್ಯ ತೀರ್ಪು ಕೊಡುವುದಿಲ್ಲ, ಗಮನಿಸುತ್ತಾನೆ. ಈ ನಟನ ದಾರಿಯೂ ಅದೇ.

ಮುಂದೆ ಹಿಂದಿಯಲ್ಲಿ ಪಾತ್ರಗಳು ಬರುತ್ತಲೇ ಹೋದವು. ‘ಅಪಹರಣ್’ನ ಪ್ರಾಮಾಣಿಕ ತಂದೆ, ‘ರಂಗ್ ದೇ ಬಸಂತಿ’ಯ ರಕ್ಷಣಾ ಮಂತ್ರಿ ಹೊಸ ತಲೆಮಾರಿಗೆ ಪರಿಚಿತರು.

‘ಘಾಶೀರಾಮ್’ನ ಆ ಯುರೋಪ್ ಪ್ರವಾಸ ಇನ್ನೊಂದು ಆಸಕ್ತಿಗೂ ದಾರಿ ತೆರೆಯಿತು. ಫೋಲ್ಕರ್ ಲುಡ್ವಿಗ್ ಬರ್ಲಿನ್‌ನಲ್ಲಿ ಕಟ್ಟಿದ ಗ್ರಿಪ್ಸ್ ರಂಗಭೂಮಿಯಲ್ಲಿ ಮಕ್ಕಳ ನಾಟಕವೆಂದರೆ ರಾಜಕುಮಾರಿಯೂ ಇಲ್ಲ, ಮಾಯಾಜಾಲವೂ ಇಲ್ಲ. ಅಪ್ಪ-ಅಮ್ಮನ ಜಗಳ, ಹಣದ ತಾಪತ್ರಯ, ದೊಡ್ಡವರ ದಬ್ಬಾಳಿಕೆ, ಹೀಗೆ ಮಗು ದಿನವೂ ಕಾಣುವುದೇ ವಸ್ತು. ಮಕ್ಕಳ ಪಾತ್ರಗಳನ್ನು ವಯಸ್ಕ ನಟರೇ ಮಾಡುತ್ತಾರೆ. ಆಗಾಶೆ ಇದನ್ನು 1986ರಲ್ಲಿ ಪುಣೆಗೆ ತಂದರು. ಶ್ರೀರಂಗ ಗೋಡಬೋಲೆಯವರ ಮರಾಠಿ ರೂಪಾಂತರಗಳಿಂದ ಅದು ಅಲ್ಲಿ ಬೇರೂರಿತು. ಮಕ್ಕಳ ಮನಸ್ಸಿಗೂ ಅದರದೇ ಅಂಜಿಕೆ, ಸಿಟ್ಟು, ನ್ಯಾಯದ ಲೆಕ್ಕ ಇರುತ್ತದೆ ಎಂಬುದನ್ನು ರಂಗದ ಮೇಲೆ ಒಪ್ಪಿಕೊಳ್ಳುವುದು ಮನೋವೈದ್ಯರೊಬ್ಬರಿಗೆ ಪ್ರಿಯವಾದದ್ದು ಸಹಜ. ಕಿಂದರಿಜೋಗಿ, ಜಾನಪದ ಕಥೆಗಳ ಸೊಗಸಿನಲ್ಲಿ ಬೆಳೆದ ನಮ್ಮ ಮಕ್ಕಳ ರಂಗಭೂಮಿಯೂ ಈ ಕಡೆಗೆ ಇನ್ನಷ್ಟು ಹೊರಳಬೇಕೆಂಬುದು ನನ್ನ ಆಸೆ. 2004ರಲ್ಲಿ ಜರ್ಮನಿ ಆಗಾಶೆಯವರಿಗೆ ಗಯಟೆ ಪದಕ ನೀಡಿತು.

ವೈದ್ಯರಾಗಿ ಅವರ ಕೆಲಸ ಪುಣೆಯ ಹೊರಗೂ ಹಬ್ಬಿತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ಬೀದರಿಗೆ ತಾಗಿಕೊಂಡ ಲಾತೂರು ಜಿಲ್ಲೆಯ ಕಿಲ್ಲಾರಿ ಸುತ್ತ ಭೂಮಿ ನಡುಗಿ ಸಾವಿರಾರು ಜನ ಸತ್ತರು. ಬದುಕುಳಿದವರ ಮಾನಸಿಕ ಆರೋಗ್ಯದ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ಅಧ್ಯಯನದ ಮುಖ್ಯ ಸಂಶೋಧಕ ಆಗಾಶೆ. ಮನೆ ಕಟ್ಟಿಕೊಟ್ಟರೆ ಪರಿಹಾರ ಮುಗಿಯಿತು ಎನ್ನುತ್ತಿದ್ದ ಕಾಲದಲ್ಲಿ ನಡೆದ ಕೆಲಸ ಅದು. ಪುಣೆಯಲ್ಲಿ ಮಹಾರಾಷ್ಟ್ರ ಮಾನಸಿಕ ಆರೋಗ್ಯ ಸಂಸ್ಥೆಯನ್ನು ಕಟ್ಟಿದವರೂ ಅವರು. ಹಳೆಯ ಪ್ರಭಾತ್ ಸ್ಟುಡಿಯೋದ ನೆಲದಲ್ಲಿ ನಿಂತಿರುವ ಫಿಲ್ಮ್ ಇನ್‌ಸ್ಟಿಟ್ಯೂಟಿನ ಮುಖ್ಯಸ್ಥರೂ ಆದರು. ಹಿಂದೆ ಕಾರ್ನಾಡರು ಕೂತ ಕುರ್ಚಿ ಅದು.

ಈ ಎಳೆಗಳೆಲ್ಲ ಕೂಡುವುದು ಸುಮಿತ್ರಾ ಭಾವೆ ಮತ್ತು ಸುನೀಲ್ ಸುಖಠಣಕರ್ ಅವರ ಚಿತ್ರಗಳಲ್ಲಿ. ‘ಅಸ್ತು’ವಿನಲ್ಲಿ ಆಗಾಶೆ ಚಕ್ರಪಾಣಿ ಶಾಸ್ತ್ರಿ, ಆಲ್ಝೈಮರ್ಸ್ ಹಿಡಿದ ಸಂಸ್ಕೃತ ವಿದ್ವಾಂಸ. ಬೀದಿಯಲ್ಲಿ ಕಂಡ ಆನೆಯ ಬೆನ್ನು ಹತ್ತಿ ಹೊರಟವರು ಮಾವುತನ ಬಡ ಬಿಡಾರ ಸೇರುತ್ತಾರೆ. ಅಲ್ಲಿ ಅವರನ್ನು ನೋಡಿಕೊಳ್ಳುವ ಚನ್ನಮ್ಮ ಕನ್ನಡದವಳು. ಅಮೃತಾ ಸುಭಾಷ್ ಈ ಪಾತ್ರಕ್ಕೆ ಪೋಷಕ ನಟಿಯ ರಾಷ್ಟ್ರಪ್ರಶಸ್ತಿ ಪಡೆದರು. ಪಾಂಡಿತ್ಯವೆಲ್ಲ ಕರಗಿದ ಆ ಮುದುಕ ಮಗುವಾಗಿ ಆಕೆಯನ್ನೇ ತಾಯಿ ಎಂದುಕೊಳ್ಳುತ್ತಾನೆ. ಆಕೆಯೂ ಮಗುವಿನಂತೆ ನೋಡಿಕೊಳ್ಳುತ್ತಾಳೆ. ಕಣ್ಣಿನ ಹೊಳಪು ಆರುವುದನ್ನು, ಎಲ್ಲೋ ಒಂದು ಕ್ಷಣ ಮರಳುವುದನ್ನು ಆಗಾಶೆ ಎಷ್ಟು ಜಿಪುಣತನದಿಂದ ತೋರಿಸುತ್ತಾರೆಂದರೆ, ಮನೆಯಲ್ಲಿ ಮರೆವಿನ ಹಿರಿಯರಿರುವವರು ಬೆಚ್ಚಿಬೀಳುತ್ತಾರೆ. ಈ ಚಿತ್ರವನ್ನು ಊರೂರಿಗೆ ಒಯ್ದು, ತೋರಿಸಿ, ಆಮೇಲೆ ಪ್ರೇಕ್ಷಕರ ಜೊತೆ ಮಾತಿಗೆ ಕೂರುವುದನ್ನು ಅವರು ತಮ್ಮ ಕೆಲಸವೆಂದೇ ಬಗೆದರು. ಖಿನ್ನತೆಯ ಹುಡುಗನೊಬ್ಬ ಕೊಂಕಣದ ಕಡಲಾಮೆಗಳ ನೆರೆಯಲ್ಲಿ ಚೇತರಿಸಿಕೊಳ್ಳುವ ‘ಕಾಸವ್’ನ ನಿರ್ಮಾಪಕರಲ್ಲಿ ಅವರೂ ಒಬ್ಬರು; 2017ರಲ್ಲಿ ಅದಕ್ಕೆ ದೇಶದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಬಂತು.

ಆಗಾಶೆಯವರನ್ನು ಪೋಷಕ ಪಾತ್ರಗಳಲ್ಲಷ್ಟೇ ಕಂಡವರು ಮೊದಲು ‘ಜೈತ್ ರೇ ಜೈತ್’ ನೋಡಲಿ, ಬಳಿಕ ‘ಸದ್ಗತಿ’, ಆಮೇಲೆ ‘ಅಸ್ತು’. ಮೂರನೆಯದನ್ನು ಮನೆಯವರೆಲ್ಲ ಜೊತೆಗೆ ಕೂತು ನೋಡಬೇಕು. ಅದರಲ್ಲಿ ಬರುವ ಕನ್ನಡಕ್ಕೆ ನಮಗೆ ಅಡಿಬರಹವೂ ಬೇಕಿಲ್ಲ.