ಪೂರ್ವಪಕ್ಷವಿಲ್ಲದ ಅಹವಾಲುಗಳು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಿಂದ ಸರ್ಕಾರಕ್ಕೆ ಹೋಗುವ ಅಹವಾಲುಗಳ ಪ್ರತಿಗಳು ನಮ್ಮ ಕಛೇರಿಗೂ ಬರುತ್ತಿರುವುವು. ಅವನ್ನು ಓದುವಾಗಲೆಲ್ಲ ನಮಗೆ ಒಂದೇ ವ್ಯಥೆ. ಬೇಡಿಕೆ ನ್ಯಾಯವಾದದ್ದು, ಭಾಷೆ ಆವೇಶವುಳ್ಳದ್ದು; ಆದರೆ ಅಧಿಕಾರಿಯ ಮನಸ್ಸಿನಲ್ಲಿ ಏಳುವ ಮೊದಲ ಆಕ್ಷೇಪಣೆಗೆ ಇಡೀ ಕಾಗದದಲ್ಲಿ ಒಂದು ಸಾಲಿನ ಉತ್ತರವಿರುವುದಿಲ್ಲ. ಎದುರಾಳಿಯ ಮಾತನ್ನು ನಾವೇ ಎತ್ತಿದರೆ ಅವನಿಗೆ ಆಯುಧ ಕೊಟ್ಟಂತಾದೀತೆಂಬ ಭಯ. ಆ ಆಯುಧವು ಆಗಲೇ ಅವನ ಕೈಯಲ್ಲಿದೆಯೆಂಬುದನ್ನು ಬರೆಯುವವರು ಮರೆಯುತ್ತಾರೆ.

ಪಾಠಶಾಲೆಯಲ್ಲಿ ನಾಲ್ಕು ದಿನ ಕುಳಿತವರಿಗೆ ಈ ಮರೆವು ಬರಬಾರದು. ನಮ್ಮ ಶಾಸ್ತ್ರಕಾರರು ಸಿದ್ಧಾಂತಕ್ಕೆ ಮುಂಚೆ ಪೂರ್ವಪಕ್ಷವನ್ನು, ಅದೂ ಎದುರಾಳಿಯೇ ತಲೆದೂಗುವಷ್ಟು ಬಲವಾಗಿ, ನಿರೂಪಿಸುತ್ತಿದ್ದರು. ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದಲ್ಲಿ ಪ್ರಧಾನಮಲ್ಲನಿಬರ್ಹಣ ನ್ಯಾಯವನ್ನು ಹೇಳಿರುವರು: ಹಿರಿಯ ಜಟ್ಟಿಯನ್ನು ಕೆಡಹಿದರೆ ಉಳಿದವರೂ ಬಿದ್ದಂತೆಯೇ. ನಮ್ಮವರಾದರೋ ಸಣ್ಣ ಜಟ್ಟಿಗಳೊಡನೆ ಸೆಣಸಿ ಬೆವರೊರಸಿಕೊಳ್ಳುತ್ತಾರೆ. ಪತ್ರಿಕೆಯವರಾದ ನಾವೂ ಈ ದೋಷದಿಂದ ಮುಕ್ತರಲ್ಲ.

ಈ ಸೀಮೆಯ ಚರಿತ್ರೆಯಲ್ಲಿಯೇ ದೃಷ್ಟಾಂತವಿದೆ. 1953ನೆಯ ಅಕ್ಟೋಬರ್ 1ರಂದು ಆಂಧ್ರವು ಬೇರೆಯಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆಗೆ ಹೋಗಿ, ಉಳಿದವು ಮೈಸೂರನ್ನು ಸೇರಿದವು. ಎರಡೇ ವರ್ಷದಲ್ಲಿ, 1955ರಲ್ಲಿ, ರಾಜ್ಯ ಪುನರ್ವಿಂಗಡಣಾ ಆಯೋಗವು ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ತಾಲ್ಲೂಕುಗಳನ್ನೂ ಮಲ್ಲಾಪುರ ಉಪತಾಲ್ಲೂಕಿನ ಸ್ವಲ್ಪ ಭಾಗವನ್ನೂ ಆಂಧ್ರಕ್ಕೆ ಕೊಡಬೇಕೆಂದು ಶಿಫಾರಸು ಮಾಡಿತು. ಆ ವಾದದ ಹಿರಿಯ ಜಟ್ಟಿ ತುಂಗಭದ್ರಾ ಯೋಜನೆ.

ಇದಕ್ಕೆ ಕನ್ನಡದ ಹಿರಿಮೆಯನ್ನು ಹಾಡಿದರೆ ಉತ್ತರವಾಗದು. ರಾಯಲಸೀಮೆಗೆ ನೀರು ಬೇಕೆಂಬುದು ನಿಜ. ಮೊದಲು ಅದನ್ನು ಒಪ್ಪಬೇಕು. ಒಪ್ಪಿ ಕೇಳಬೇಕು: ನೀರು ಹಂಚುವುದಕ್ಕೆ ಜನರನ್ನೇಕೆ ಹಂಚಬೇಕು? ಎರಡು ರಾಜ್ಯಗಳಿಗೂ ಸೇರಿದ ಕೆಲಸವನ್ನು ನೋಡಿಕೊಳ್ಳಲು 1953ರಲ್ಲಿಯೇ ತುಂಗಭದ್ರಾ ಮಂಡಳಿ ಏರ್ಪಟ್ಟಿತ್ತಲ್ಲವೆ? ಬಳ್ಳಾರಿ, ಹೊಸಪೇಟೆಗಳು ಹೋದರೆ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಯ ರೈತನಿಗೆ ಜಿಲ್ಲಾ ಕಛೇರಿ ಎಲ್ಲಿ, ಪೇಟೆ ಎಲ್ಲಿ? ಹೀಗೆ ಬರೆದ ಕಾಗದವನ್ನು ಓದಿದವನು, ಪ್ರತಿಕೂಲ ಟಿಪ್ಪಣಿಗಾಗಿ ಎತ್ತಿದ ಲೇಖನಿಯನ್ನು ಒಂದು ಗಳಿಗೆಯಾದರೂ ಕೆಳಗಿಡಬೇಕಾಗುವುದು. ಆ ಶಿಫಾರಸು ಜಾರಿಗೆ ಬರಲಿಲ್ಲ. 1956ರ ನವೆಂಬರ್ 1ರಂದು ಆ ತಾಲ್ಲೂಕುಗಳು ಮೈಸೂರಿನಲ್ಲಿಯೇ ಉಳಿದವು.

ಹರಪನಹಳ್ಳಿಯ ಕಥೆ ಇನ್ನೂ ಹತ್ತಿರದ್ದು. 1997ರಲ್ಲಿ ಈ ತಾಲ್ಲೂಕು ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. 2013ರಲ್ಲಿ ಸಂವಿಧಾನದ 371ನೆಯ ಜೆ ವಿಧಿಯ ವಿಶೇಷ ಸೌಲಭ್ಯವು ಬಳ್ಳಾರಿ ಜಿಲ್ಲೆಗೆ ದೊರೆತಾಗ ಅದು ಹೊರಗುಳಿಯಿತು. ಹತ್ತಿರದ ದಾವಣಗೆರೆಯ ಅನುಕೂಲವನ್ನೂ ದೂರದ ಬಳ್ಳಾರಿಯ ಸವಲತ್ತನ್ನೂ ಒಟ್ಟಿಗೆ ಬೇಡುವುದು ಸರಿಯೇ ಎಂದು ಯಾರಾದರೂ ಕೇಳಬಹುದಾಗಿತ್ತು. ದೂರವೆಂಬುದನ್ನು ಅಲ್ಲಗಳೆಯಲಾಗದು. ಆದರೆ ಜಿಲ್ಲೆಯ ಗೆರೆ ಸರಿದ ಮಾತ್ರಕ್ಕೆ ಹೊಲಕ್ಕೆ ಮಳೆ ಹೆಚ್ಚಿತೆ, ಬಡವರ ಮಕ್ಕಳ ವಿದ್ಯೆ ಹೆಚ್ಚಿತೆ? 2018ರಲ್ಲಿ ತಾಲ್ಲೂಕು ಬಳ್ಳಾರಿಗೆ ಮರಳಿತು. 2021ರಲ್ಲಿ ಕೂಡ್ಲಿಗಿ, ಹಡಗಲಿ ಮುಂತಾದವುಗಳೊಡನೆ ವಿಜಯನಗರ ಜಿಲ್ಲೆಗೆ ಸೇರಿತು.

ಈಗ ಹೊಸಪೇಟೆ ದೂರವೆಂದೂ ಇಂಥ ಕಛೇರಿಯ ಶಾಖೆ ಹರಪನಹಳ್ಳಿಗೇ ಬರಲೆಂದೂ ಕೇಳುವವರಿದ್ದಾರೆ. “ಹತ್ತಿರದ ದಾವಣಗೆರೆಯನ್ನು ಬಿಟ್ಟು ಬಂದವರು ನೀವೇ” ಎಂಬ ಮಾತು ಅವರಿಗೆ ಎದುರಾಗದೆ ಇರದು. ನಮ್ಮ ಮೇಜಿನ ಮೇಲಿರುವ ಅಹವಾಲು ಆರು ಪುಟಗಳದ್ದು; ಆ ಮಾತಿನ ಸುಳಿವು ಅದರಲ್ಲೆಲ್ಲಿಯೂ ಇಲ್ಲ.