ಕೀಲಿಗೆ ಎಣ್ಣೆ, ಬೀಜದ ಪೆಟ್ಟಿಗೆಗೆ ಕರಿಪುಡಿ

ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಬೆಂಗಳೂರು-ಹುಬ್ಬಳ್ಳಿ ಮಾರ್ಗದಿಂದ ಚಿತ್ರದುರ್ಗ, ರಾಯದುರ್ಗ, ಬಳ್ಳಾರಿ ಕಡೆಗೆ ಹಳಿ ಕವಲೊಡೆಯುತ್ತದೆ. ಹಳಿಯ ತುಂಡುಗಳನ್ನು ಪಟ್ಟಿ-ಬೋಲ್ಟುಗಳಿಂದ ಜೋಡಿಸಿದ ಕಡೆ, ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವ ಕಬ್ಬಿಣ ಸಲೀಸಾಗಿ ಜಾರಬೇಕು. ಇದಕ್ಕೆ ರೈಲ್ವೆಯವರು ಗ್ರಾಫೈಟ್ ಎಂಬ ಕರಿಪುಡಿಯನ್ನು ಸೀಮೆಎಣ್ಣೆಯಲ್ಲಿ ಕಲಸಿ ಬಳಿಯುವ ಪದ್ಧತಿ ಇಟ್ಟುಕೊಂಡಿದ್ದಾರೆ. ಸೀಮೆಎಣ್ಣೆ ಆರಿದರೂ ಪುಡಿ ಉಳಿದು ಕೆಲಸ ಮಾಡುತ್ತದೆ. ಬೆಸುಗೆ ಹಾಕಿದ ಉದ್ದನೆಯ ಹಳಿಗಳು ಬಂದ ಮೇಲೆ ಇಂತಹ ಜೋಡಣೆಗಳು ಕಡಿಮೆಯಾಗಿವೆ. ಆದರೆ ಈ ಪುಡಿಯಿಂದ ಬಿತ್ತನೆ ಕಾಲದಲ್ಲಿ ರೈತರಿಗೂ ಪ್ರಯೋಜನವುಂಟು.

ಪುಡಿ ಜಾರುವುದೇಕೆ?

ಪೆನ್ಸಿಲಿನ ಕಡ್ಡಿಯಲ್ಲಿರುವುದು ಸೀಸವಲ್ಲ, ಜೇಡಿಮಣ್ಣು ಬೆರೆಸಿದ ಗ್ರಾಫೈಟ್. ಇದು ಶುದ್ಧ ಇಂಗಾಲ. ಇಂಗಾಲದ ಕಣಗಳು ಜೇನುಹಟ್ಟಿಯ ಕಣ್ಣುಗಳಂತೆ ಆರು ಮೂಲೆಯಾಗಿ ಹೆಣೆದುಕೊಂಡು ಹಾಳೆಯಾಗಿರುತ್ತವೆ. ಹಾಳೆಯೊಳಗಿನ ಹಿಡಿತ ಬಲು ಗಟ್ಟಿ. ಹಾಳೆ-ಹಾಳೆಗಳ ನಡುವಿನ ಹಿಡಿತ ಬಲು ಸಡಿಲ. ಆದ್ದರಿಂದ ಒತ್ತಿದೊಡನೆ ವೀಳ್ಯದೆಲೆಯ ಕಟ್ಟಿನಂತೆ ಒಂದರ ಮೇಲೊಂದು ಸರಿಯುತ್ತವೆ. 1 ಮಿಲಿಮೀಟರ್ ದಪ್ಪದ ಗ್ರಾಫೈಟಿನಲ್ಲಿ ಇಂತಹ ಸುಮಾರು 30 ಲಕ್ಷ ಪದರಗಳಿವೆ! 2004ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ಗೈಮ್ ಮತ್ತು ನೊವೊಸೆಲೊವ್ ಎಂಬ ವಿಜ್ಞಾನಿಗಳು ಬರೀ ಅಂಟುಪಟ್ಟಿಯಿಂದ ಒಂದೇ ಪದರವನ್ನು ಬಿಡಿಸಿ ತೋರಿಸಿದರು. 2010ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದಿತು. ಬಳಪದ ಕಲ್ಲಿನಲ್ಲಿರುವ ಟಾಲ್ಕ್, ಟ್ರಾಕ್ಟರಿಗೆ ಹಾಕುವ ಕೆಲವು ಕಪ್ಪು ಗ್ರೀಸುಗಳಲ್ಲಿರುವ ಮಾಲಿಬ್ಡಿನಂ ಡೈಸಲ್ಫೈಡ್ ಸಹ ಇದೇ ಬಗೆಯ ಪದರದ ವಸ್ತುಗಳು.

ಬಿತ್ತನೆಯಲ್ಲಿ ಉಪಯೋಗ

ಔಷಧಿ ಲೇಪಿಸಿದ ಮೆಕ್ಕೆಜೋಳದ ಬೀಜ ಮೋಡದ ದಿನಗಳಲ್ಲಿ ಒಂದಕ್ಕೊಂದು ಅಂಟುತ್ತದೆ. ಟ್ರಾಕ್ಟರ್ ಕೂರಿಗೆಯ ತಟ್ಟೆಯ ಗುಳಿಗಳಿಗೆ ಸರಿಯಾಗಿ ಬೀಳುವುದಿಲ್ಲ. ಸಾಲಿನಲ್ಲಿ ಬೀಜ ತಪ್ಪಿದ್ದು ಮೊಳಕೆ ಬಂದ ಮೇಲೆ ಕಾಣುತ್ತದೆ. ಅಷ್ಟರಲ್ಲಿ ಹದ ಮಳೆ ಹೋಗಿರುತ್ತದೆ. ಪೆಟ್ಟಿಗೆಗೆ ಎಣ್ಣೆ ಹಾಕುವಂತಿಲ್ಲ. ಎಣ್ಣೆ ಇದ್ದಲ್ಲಿ ಧೂಳು ಕೂರುತ್ತದೆ, ಎರಡೂ ಸೇರಿ ಸಾಣೆ ಹಿಡಿದಂತೆ ಕಬ್ಬಿಣವನ್ನು ಸವೆಸುತ್ತವೆ. ಇಲ್ಲಿಯೇ ಒಣಪುಡಿ ಬೇಕಾಗುವುದು.

ಲೇಪಿಸಿದ ಬೀಜವನ್ನು ಮೊದಲು ನೆರಳಿನಲ್ಲಿ ಚೆನ್ನಾಗಿ ಆರಿಸಬೇಕು. ಪೆಟ್ಟಿಗೆ ತುಂಬುವಾಗ ಯಂತ್ರದ ಕೈಪಿಡಿಯಲ್ಲಿ ಹೇಳಿದಷ್ಟು ಗ್ರಾಫೈಟ್ ಅಥವಾ ಟಾಲ್ಕ್ ಪುಡಿ ಬೆರೆಸಿರಿ. ಪೆಟ್ಟಿಗೆಗೆ ಚಮಚದ ಲೆಕ್ಕದಲ್ಲಿ ಸಾಕು, ಹೆಚ್ಚಾದರೆ ಲಾಭವಿಲ್ಲ. ಅನಂತರ ಕೂರಿಗೆಯ ಚಕ್ರವನ್ನು ನೆಲದಿಂದ ಎತ್ತಿ 10 ಸುತ್ತು ತಿರುಗಿಸಿ, ಪ್ರತಿ ಕೊಳವೆಯಿಂದ ಬಿದ್ದ ಬೀಜ ಎಣಿಸಿರಿ. ಎಲ್ಲ ಕೊಳವೆಗಳ ಲೆಕ್ಕ ಹೆಚ್ಚುಕಡಿಮೆ ಸಮನಾದ ಮೇಲೆಯೇ ಹೊಲಕ್ಕಿಳಿಯುವುದು ಲೇಸು.

ಎಚ್ಚರಿಕೆಗಳು

1. ಬೇರಿಂಗುಗಳಿಗೆ ಗ್ರೀಸೇ ಬೇಕು. ಬರೀ ಪುಡಿ ಹಾಕಕೂಡದು. ಬೇರೆ ಬೇರೆ ಜಾತಿಯ ಗ್ರೀಸುಗಳನ್ನು ಬೆರೆಸಕೂಡದು.

2. ಗ್ರಾಫೈಟ್ ವಿದ್ಯುತ್ತನ್ನು ಹರಿಯಗೊಡುತ್ತದೆ. ಪಂಪ್‌ಸೆಟ್ಟಿನ ಸ್ಟಾರ್ಟರ್, ಸ್ವಿಚ್ಚುಗಳ ಹತ್ತಿರ ಇದನ್ನು ಸುಳಿಯಗೊಡಬೇಡಿ.

3. ಬ್ರೇಕು, ಕ್ಲಚ್ಚು ಹಿಡಿಯಬೇಕೇ ಹೊರತು ಜಾರಬಾರದು. ಪದರದ ಪುಡಿ ಅಲ್ಲಿಗೆ ತಾಗಿದರೆ ಅಪಾಯ. ಕೈಪಿಡಿಯಲ್ಲಿ ಹೇಳದಿದ್ದರೆ, ಎಂಜಿನ್ ಎಣ್ಣೆಗೆ ಇಂತಹ ಯಾವ ಪುಡಿಯನ್ನೂ, ಅಂಗಡಿಯವರು ಎಷ್ಟೇ ಹೊಗಳಿದರೂ, ಸೇರಿಸಬೇಡಿ.

4. ಪುಡಿ ಬೆರೆಸುವಾಗ ಮೂಗಿಗೆ ಬಟ್ಟೆ ಕಟ್ಟಿ, ಕೈಗವಸು ಹಾಕಿಕೊಳ್ಳಿರಿ. ಉಳಿದ ಔಷಧಿ ಬೀಜವನ್ನು ದನಕ್ಕಾಗಲಿ ಕೋಳಿಗಾಗಲಿ ಹಾಕಕೂಡದು.

ನಮ್ಮ ಹಿರಿಯರು ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಬಂಡಿಗೆ ಕೀಲೆಣ್ಣೆ ಮಾಡಿಕೊಳ್ಳುತ್ತಿದ್ದರು. ಕೀಲು ಯಾವುದು, ಅದಕ್ಕೆ ಏನು ಹಾಕಬೇಕು ಎಂಬುದು ಅವರಿಗೆ ಗೊತ್ತಿತ್ತು. ಇಂದಿನ ಯಂತ್ರಗಳಲ್ಲಿ ಕೀಲುಗಳು ಹೆಚ್ಚು. ಎಣ್ಣೆ ಎಲ್ಲಿ, ಗ್ರೀಸ್ ಎಲ್ಲಿ, ಒಣಪುಡಿ ಎಲ್ಲಿ ಎಂಬುದನ್ನು ಮುಂಗಾರು ಬರುವ ಮೊದಲೇ ತಿಳಿದುಕೊಂಡರೆ ಬೀಜವೂ ಉಳಿಯುತ್ತದೆ, ಹದವೂ ತಪ್ಪುವುದಿಲ್ಲ.