ಕೆಲಸ ನಿಂತರೂ ಮಾತ್ರೆ ನಿಲ್ಲದಿರಲಿ

ಕಳೆದ ತಿಂಗಳು 52 ವರ್ಷದ ಸಹೋದರರೊಬ್ಬರು ತಲೆನೋವೆಂದು ನನ್ನ ಕ್ಲಿನಿಕ್‌ಗೆ ಬಂದರು. ಬಿ.ಪಿ. ನೋಡಿದರೆ 180/110. ಇಪ್ಪತ್ತು ವರ್ಷ ಗಲ್ಫ್‌ನಲ್ಲಿ ದುಡಿದವರು. ಕಂಪೆನಿ ಕೆಲಸದಿಂದ ತೆಗೆದಿತ್ತು. ಮನೆಯಲ್ಲಿ 'ರಜೆಯಲ್ಲಿ ಬಂದಿದ್ದೇನೆ' ಎಂದಷ್ಟೇ ಹೇಳಿದ್ದರು. ಖರ್ಚು ಉಳಿಸಲೆಂದು ಎರಡು ತಿಂಗಳಿಂದ ಬಿ.ಪಿ. ಮಾತ್ರೆ ಬಿಟ್ಟಿದ್ದರು. ನಾನು ಔಷಧ ಕೊಡಲಿಲ್ಲ, ಅಂದೇ ಆಸ್ಪತ್ರೆಗೆ ಕಳುಹಿಸಿದೆ. ಅಲ್‌ಹಮ್ದುಲಿಲ್ಲಾಹ್, ಅಪಾಯ ತಪ್ಪಿತು.

ಕೆಲಸ ಹೋದಾಗ ಪೆಟ್ಟು ಬೀಳುವುದು ಜೇಬಿಗೆ ಮಾತ್ರವಲ್ಲ. ಚಿಂತೆ ಹೆಚ್ಚಾದಾಗ ದೇಹದಲ್ಲಿ ಅಡ್ರಿನಲಿನ್, ಕಾರ್ಟಿಸೋಲ್ ಎಂಬ ಹಾರ್ಮೋನುಗಳು ಏರುತ್ತವೆ. ಅವು ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಏರಿಸುತ್ತವೆ, ನಿದ್ದೆ ಕೆಡಿಸುತ್ತವೆ. ಇಂಥ ಹೊತ್ತಿನಲ್ಲೇ ಮಾತ್ರೆ ಬಿಟ್ಟರೆ ಪಾರ್ಶ್ವವಾಯು, ಹೃದಯಾಘಾತಕ್ಕೆ ದಾರಿಯಾದೀತು. ಮಾತ್ರೆ ದುಬಾರಿಯೆನಿಸಿದರೆ ವೈದ್ಯರಿಗೆ ಹೇಳಿ. ಅನೇಕ ಮಾತ್ರೆಗಳು ಜನೌಷಧಿ ಕೇಂದ್ರಗಳಲ್ಲಿ ಬಹಳ ಕಡಿಮೆ ಬೆಲೆಗೆ ಸಿಗುತ್ತವೆ.

ದಿನಚರಿಯೇ ಮೊದಲ ಔಷಧ

ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು ಯುನಾನಿಯಲ್ಲಿ 'ಅಸ್ಬಾಬೆ ಸಿತ್ತಾ ಝರೂರಿಯಾ' ಎನ್ನುತ್ತೇವೆ: ಗಾಳಿ, ಅನ್ನಪಾನ, ದೇಹದ ಚಲನೆ-ವಿಶ್ರಾಂತಿ, ಮನಸ್ಸಿನ ಚಲನೆ-ವಿಶ್ರಾಂತಿ, ನಿದ್ರೆ-ಎಚ್ಚರ, ವಿಸರ್ಜನೆ-ಧಾರಣ. ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್'ನಲ್ಲಿ ಇವನ್ನು ವಿವರಿಸಿದ್ದಾರೆ. ಉದ್ಯೋಗ ಹೋದವನಲ್ಲಿ ಇವುಗಳಲ್ಲಿ ಹಲವು ಒಟ್ಟಿಗೇ ಹಳಿ ತಪ್ಪುತ್ತವೆ. ರಾತ್ರಿ ಎರಡರವರೆಗೆ ಮೊಬೈಲ್, ಮಧ್ಯಾಹ್ನದವರೆಗೆ ನಿದ್ದೆ, ಹೊತ್ತಲ್ಲದ ಹೊತ್ತಿನಲ್ಲಿ ಚಹಾ, ಊಟ.

ಇದಕ್ಕೆ ಮದ್ದು ನಿಮ್ಮ ಬಳಿಯೇ ಇದೆ. ಇಶಾ ಮುಗಿಸಿ ಬೇಗ ಮಲಗಿ. ಫಜ್ರ್ ನಂತರ ಮತ್ತೆ ಹಾಸಿಗೆಗೆ ಹೋಗದೆ ಅರ್ಧ ಗಂಟೆ ನಡೆಯಿರಿ. ಮಸೀದಿಗೆ ಹೋದರೆ ನಾಲ್ಕು ಜನರ ಮುಖ ನೋಡಿದಂತಾಗುತ್ತದೆ. ಚಿಂತೆಗೆ 'ತಾಕತ್ತಿನ ಔಷಧ ಕೊಡಿ' ಎಂದು ಖಮೀರಾ ಕೇಳುವವರಿದ್ದಾರೆ. ಖಮೀರಾದಲ್ಲಿ ಸಕ್ಕರೆ ಅಥವಾ ಜೇನಿನ ಪಾಕವಿರುತ್ತದೆ. ಡಯಾಬಿಟೀಸ್ ಇರುವವರು ಕೇಳದೆ ಅದನ್ನು ಸೇವಿಸಬೇಡಿ.

ಮುಚ್ಚಿಡಬೇಡಿ

ಕೆಲಸ ಹೋದ ವಿಷಯವನ್ನು ಮೊದಲ ವಾರದಲ್ಲೇ ಪತ್ನಿಗೆ ತಿಳಿಸಿ. ಮನೆ ನಡೆಸುವವರು ಅವರು. ಎಲ್ಲಿ ಕೈ ಹಿಡಿಯಬೇಕೆಂದು ಅವರಿಗೇ ಚೆನ್ನಾಗಿ ಗೊತ್ತು. ಸಹೋದರಿಯರೇ, ಆ ಹೊತ್ತಿನಲ್ಲಿ ನೆರೆಮನೆಯವರ ದುಡಿಮೆಗೆ ಹೋಲಿಸಬೇಡಿ. ಎರಡು ವಾರ ಕಳೆದರೂ ನಿದ್ದೆ, ಹಸಿವು, ಉತ್ಸಾಹ ಮರಳದಿದ್ದರೆ ವೈದ್ಯರಿಗೆ ತೋರಿಸಿ. ಬದುಕೇ ಬೇಡವೆನಿಸಿದರೆ ಅದೇ ದಿನ ಯಾರಿಗಾದರೂ ಹೇಳಿ. ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ. ಮನಸ್ಸಿನ ಕಾಯಿಲೆ ಈಮಾನ್‌ನ ಕೊರತೆಯಲ್ಲ.

ನಿವೃತ್ತಿಗೆ ಮುನ್ನ

ಇನ್ನೂ ಕೆಲಸದಲ್ಲಿರುವವರು ಇಂದೇ ಲೆಕ್ಕ ಹಾಕಿ. ಯು.ಎ.ಇ.ಯಲ್ಲಿ ಸೇವಾಂತ್ಯದ ಗ್ರಾಚ್ಯುಟಿ ಸಿಗುವುದು ಮೂಲ ವೇತನದ ಮೇಲೆ ಮಾತ್ರ: ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ, ಆಮೇಲೆ ವರ್ಷಕ್ಕೆ 30 ದಿನದ ವೇತನ. ಮೂಲ ವೇತನ 2,000 ದಿರ್ಹಮ್ ಇದ್ದವರಿಗೆ ಹತ್ತು ವರ್ಷಕ್ಕೆ 17,000 ದಿರ್ಹಮ್. ಅದರಲ್ಲೇ ಮನೆಯನ್ನೂ ಕಟ್ಟಿಸಿ ಮಗಳ ಮದುವೆಯನ್ನೂ ಮಾಡಿದರೆ ಮುಪ್ಪಿನ ಔಷಧಕ್ಕೆ ಏನೂ ಉಳಿಯದು.

ಕಂಪೆನಿಯ ಆರೋಗ್ಯ ವಿಮೆಯೂ ಸಾಮಾನ್ಯವಾಗಿ ಕೆಲಸದೊಂದಿಗೇ ಮುಗಿಯುತ್ತದೆ. ಊರಿನಲ್ಲಿ ಹೊಸ ಪಾಲಿಸಿ ಮಾಡಿಸಿದರೆ ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಬಿ.ಪಿ.ಎಲ್. ಕುಟುಂಬಗಳಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಇದೆ. ಕಾರ್ಡನ್ನು ಈಗಲೇ ಮಾಡಿಸಿಡಿ. ವಿದೇಶದಿಂದ ಹೊರಡುವ ಮೊದಲು ರಕ್ತಪರೀಕ್ಷೆ, ಕಣ್ಣು, ಹಲ್ಲಿನ ತಪಾಸಣೆ ಮುಗಿಸಿ, ವರದಿಗಳನ್ನು ಜೊತೆಗೆ ತನ್ನಿ.

ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಲು ನಮಗೆ ಕಲಿಸಲಾಗಿದೆ. ರಿಝ್ಕ್ ಅವನ ಕೈಯಲ್ಲಿದೆ. ಅವನು ಅಮಾನತ್ತಾಗಿ ಕೊಟ್ಟ ದೇಹದ ಕಾಳಜಿ ನಮ್ಮ ಹೊಣೆ. ಇಂದು ರಾತ್ರಿ ಮಲಗುವ ಮುನ್ನ ನಿಮ್ಮ ಮಾತ್ರೆಯ ಡಬ್ಬಿಯನ್ನೊಮ್ಮೆ ತೆರೆದು ನೋಡಿ. ಖಾಲಿಯಾಗಿದ್ದರೆ ನಾಳೆ ಮೊದಲ ಕೆಲಸ ಅದೇ ಆಗಲಿ.